ಹದಿನೈದಕ್ಕೆ ಹದಿನೈದು

ಚಿಕ್ಕಮಗಳೂರು
೪ ಸೆಪ್ಟೆಂಬರ್ ೨೦೦೫, ಭಾನುವಾರ

ಪ್ರಿಯ ಪಂಚಮಿ,

ಇದು ಮೂರನೇ ಭಾನುವಾರ. ಬಾಳೂರಿನ ಬಸ್ ಸ್ಟಾಪಿನ ಕಡೆ ನೋಡುವುದನ್ನು ನೀನು ಬಿಟ್ಟಿರಬೇಕು. ಬಿಟ್ಟಿರದಿದ್ದರೆ ಇವತ್ತು ಬಿಡು, ನಾನು ಈ ವಾರವೂ ಬರುವುದಿಲ್ಲ. ಮೊದಲ ವಾರ ಕೊಟ್ಟಿಗೆಹಾರದ ಹತ್ತಿರ ಮರ ಬಿದ್ದಿದೆ ಎಂದು ಹೇಳಿಸಿದೆ. ಮರ ಬಿದ್ದದ್ದು ನಿಜ, ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದನ್ನು ಕಡಿದು ಬದಿಗೆ ಹಾಕಿದ್ದೂ ನಿಜ. ಎರಡನೇ ವಾರ ಶೀತ ಎಂದೆ. ಈ ವಾರ ಸುಳ್ಳು ಹುಡುಕುವುದಕ್ಕೂ ಬೇಜಾರಾಗಿ ಕಾಗದ ಬರೆಯಲು ಕೂತಿದ್ದೇನೆ. ನಿನ್ನ ಎರಡು ಕಾಗದವೂ ಬಂದಿವೆ. ಉತ್ತರ ತಡವಾಯಿತು, ಕ್ಷಮಿಸು. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಶಾಲೆಯ ಫೋನು ಹೆಡ್‌ಮಾಸ್ಟರ ಮೇಜಿನ ಮೇಲಿದೆ, ಅವರ ಕಿವಿ ಅದಕ್ಕಿಂತ ಹತ್ತಿರದಲ್ಲಿದೆ.

ನನ್ನ ಆರೋಗ್ಯ ಚೆನ್ನಾಗಿದೆ. ಊಟದ ವಿಷಯ ಕೇಳಿದ್ದೀಯ:

ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಉಪ್ಪಿಟ್ಟು,
ರಾತ್ರಿಗೂ ಅದನ್ನೇ ಬಿಸಿಮಾಡಿ ಇಟ್ಟು.

ಮೂರು ವಾರದಲ್ಲಿ ನಾನು ಕಟ್ಟಿದ ಸಾಹಿತ್ಯ ಇಷ್ಟೇ. ಉಳಿದಂತೆ ಏನೂ ಅನ್ನಿಸುತ್ತಿಲ್ಲ. ಹಲ್ಲು ಕೀಳಿಸಿಕೊಂಡ ದಿನ ತುಟಿಯನ್ನು ಮುಟ್ಟಿ ನೋಡಿದರೆ ಬೆರಳಿಗೆ ಗೊತ್ತಾಗುತ್ತದೆ, ತುಟಿಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ. ಕಚೇರಿಗೆ ಹೋಗುತ್ತೇನೆ, ಸಹಿ ಹಾಕುತ್ತೇನೆ, ಬರುತ್ತೇನೆ. ಪ್ರೊಬೇಷನ್ ಅಧಿಕಾರಿಯ ಸಹಿಗೆ ಬೇಕಾದಷ್ಟು ಜೀವ ಕೈಯಲ್ಲಿ ಇನ್ನೂ ಇದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಯಲ್ಲಿಗೆ ಏನು ಹೇಳಲಿ ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ಆಷಾಢದಲ್ಲಿ ಅವಳ ಅಜ್ಜಿ ಪಾಪಮ್ಮ ತೀರಿಕೊಂಡ ಮೇಲೆ ಹುಡುಗಿ ನಿನ್ನ ಕ್ವಾರ್ಟರ್ಸಿನಲ್ಲಿ ಮಲಗುತ್ತಿದ್ದಾಳೆ, ಏಳನೇ ತರಗತಿಯ ಗಣಿತದಲ್ಲಿ ಮೊದಲು ಬಂದಿದ್ದಾಳೆ, ಮೇಸ್ತ್ರಿ ಮಂಜಯ್ಯ ಸಂಬಂಧದಲ್ಲಿ ಮಾವನಾಗಬೇಕಾದ್ದರಿಂದ ದೀಪಾವಳಿ ಕಳೆದು ಆಳುಗಳನ್ನು ಕರೆದುಕೊಂಡು ಬೇರೆ ತೋಟಕ್ಕೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದಾನೆ. ಮಂಜಯ್ಯ ಕೆಟ್ಟವನಲ್ಲ ಎಂದು ನೀನೇ ಬರೆದಿದ್ದೀಯ. "ಒಬ್ಳೇ ಎಲ್ಲಿರ್ತಾಳೆ ಮೇಡಂ? ನಮ್ ಜೊತೆ ಬಂದ್ರೆ ಗಂಜಿ ಬೇಯಿಸ್ಕೊಂಡು ಇರ್ತಾಳೆ. ಅವಳವ್ವ ಬಂದ್ರೆ ಬೇರೆ ಮಾತು" ಎಂದನಂತೆ. ಅಂದರೆ ದೀಪಾವಳಿಯೊಳಗೆ ಭಾಗಮ್ಮ ಜೈಲಿನಿಂದ ಬಿಡುಗಡೆಯಾಗಿ ಬಂದರೆ ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೆ, ಬಾರದಿದ್ದರೆ ಗಂಜಿ ಬೇಯಿಸುತ್ತಾಳೆ. ನೀನು ಕೇಳಿದ್ದು ಇಷ್ಟು: ಅವಳ ತಾಯಿ ಬರುತ್ತಾಳೋ ಇಲ್ಲವೋ?

ಅದಕ್ಕೆ ಉತ್ತರ ಕೊಡಲು ನಾನು ಮೂರು ವರ್ಷ ಹಿಂದಿನಿಂದ ಹೇಳಬೇಕು. ಅರ್ಧ ನಿನಗೆ ಗೊತ್ತಿರುವುದೇ. ಗೊತ್ತಿರುವುದನ್ನೂ ಬರೆಯುತ್ತೇನೆ, ಬರೆಯದಿದ್ದರೆ ನನಗೇ ಒಂದಾದ ಮೇಲೆ ಒಂದು ಸಿಗುತ್ತಿಲ್ಲ.

೨೦೦೨ರ ಜೂನಿನಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಿಂದ ಡಾಕ್ಟರ್ ನಿರಂಜನ ಬಂದರಲ್ಲ. ಮದ್ದಿನ ಡಾಕ್ಟರಲ್ಲ, ಲೆಕ್ಕದ ಡಾಕ್ಟರು. ಅವರ ಚೀಲದಲ್ಲಿ ಇಪ್ಪತ್ತನಾಲ್ಕು ಪ್ರಶ್ನೆಗಳ ಒಂದು ಫಾರಂ ಇತ್ತು. ಯಾವುದೋ ಚಳಿ ದೇಶದ ಕೈದಿಗಳಿಗಾಗಿ ಮಾಡಿದ್ದು. ಶಿಕ್ಷೆಯಾದವನು ಹೊರಗೆ ಬಂದರೆ ಮತ್ತೆ ತಪ್ಪು ಮಾಡುವ ಅಪಾಯ ಎಷ್ಟು, ಮಾಡದಿರಲು ಅವನಿಗೆ ಏನೇನು ಅಗತ್ಯ ಎಂದು ಅದು ಹೇಳುತ್ತದಂತೆ. ಹೌದಾದರೆ ಒಂದು, ಇಲ್ಲವಾದರೆ ಸೊನ್ನೆ. ಹದಿನಾಲ್ಕು ದಾಟಿದರೆ ಹೆಚ್ಚು ಅಪಾಯ. ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಕನ್ನಡ ಮಾಧ್ಯಮದ ಬಿ.ಎ.ಗೆ ಇಲಾಖೆ ಮೊದಲ ಸಲ ಮರ್ಯಾದೆ ಕೊಟ್ಟಿದೆ ಎಂದು ಹಿಗ್ಗಿ ನಾನು ಸ್ವಲ್ಪ ಹೆಚ್ಚೇ ಕೆಲಸ ಮಾಡಿದೆ:

ಮದ್ಯವೇನು ಕುಡಿವೆ? ಎಷ್ಟು ದಿನಕೆ ಕುಡಿವೆ?
ಕುಡಿದ ಮೇಲೆ ಯಾರ ಮೇಲೆ, ಯಾಕೆ ಸಿಡಿವೆ?

ಕೆಲಸ ನೀನು ಬಿಟ್ಟೆಯೋ, ಅದೇ ನಿನ್ನ ಬಿಟ್ಟಿತೋ?
ಬಿಟ್ಟ ಮೇಲೆ ಅನ್ನಕೊಂದು ದಾರಿ ಹುಟ್ಟಿತೋ?

ನಿರಂಜನ ಓದಿ ಕನ್ನಡಕ ತೆಗೆದರು. "ಶಂಭು ಅವ್ರೇ, ಪ್ರಶ್ನೆ ಕೇಳೋದಾ, ತಾಳಮದ್ದಳೆ ಮಾಡೋದಾ?"

"ಜನ ಕಾಗದ ಕಂಡ್ರೆ ಹೆದರ್ತಾರೆ ಸಾರ್. ಹೀಗೆ ಕೇಳಿದ್ರೆ ಬಾಯಿ ಬಿಡ್ತಾರೆ."

"ಹೆದರ್ಲಿ ಬಿಡ್ರೀ. ಎಲ್ರೂ ಒಂದೇ ಥರ ಹೆದರಿದ್ರೆ ನಮ್ಮ ಲೆಕ್ಕಕ್ಕೆ ಏನೂ ತೊಂದ್ರೆ ಇಲ್ಲ."

ಪ್ರಾಸ ಹೋಯಿತು, ಪ್ರಶ್ನೆ ಉಳಿಯಿತು. ಆಮೇಲೆ ತರಬೇತಿ. ಫಾರಂ ಜನರನ್ನು ಪರೀಕ್ಷೆ ಮಾಡುವ ಮೊದಲು ಫಾರಮ್ಮನ್ನೇ ಪರೀಕ್ಷೆ ಮಾಡಬೇಕಂತೆ. ಪರೀಕ್ಷೆ ಎರಡು ಥರ. ಮೊದಲನೆಯದು, ಇಬ್ಬರು ಅಧಿಕಾರಿಗಳು ಒಬ್ಬನೇ ಆಸಾಮಿಯನ್ನು ಬೇರೆ ಬೇರೆಯಾಗಿ ಕಂಡು ಅಂಕ ಹಾಕಿದರೆ ಇಬ್ಬರದ್ದೂ ಹೊಂದುತ್ತದೆಯೇ ಎಂಬುದು. ಎರಡನೆಯದು, ಎರಡು ವರ್ಷ ಕಾದು, ಹೆಚ್ಚು ಅಂಕ ಬಂದವರೇ ನಿಜವಾಗಿ ಮತ್ತೆ ತಪ್ಪು ಮಾಡಿದರೇ ಎಂದು ನೋಡುವುದು. ಮೊದಲನೆಯದಕ್ಕೆ ಒಂದು ವಾರ ಸಾಕು, ಎರಡನೆಯದಕ್ಕೆ ಎರಡು ವರ್ಷ ಬೇಕು. ಆದ್ದರಿಂದ ನಾವೆಲ್ಲ ಮೊದಲನೆಯದನ್ನೇ ಪರೀಕ್ಷೆ ಎಂದು ತಿಳಿದೆವು.

ನನ್ನ ಜೋಡಿ ರೂಪಶ್ರೀ. ನೀನು ನೋಡಿದ್ದೀಯ, ಮಂಡ್ಯದ ಕಡೆಯ ಹುಡುಗಿ, ಸಮಾಜಕಾರ್ಯದಲ್ಲಿ ಎಂ.ಎ., ಕೆಲಸಕ್ಕೆ ಸೇರಿ ಆಗ ಎಂಟು ತಿಂಗಳು. ಅಭ್ಯಾಸಕ್ಕೆಂದು ಹತ್ತು ಜನರ ಕಥೆ ಕೊಟ್ಟರು. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಅಂಕ ಹಾಕಿದೆವು. ನಿರಂಜನ ಬೋರ್ಡಿನ ಮೇಲೆ ವಿವರಿಸಿದರು: ಕಣ್ಣು ಮುಚ್ಚಿಕೊಂಡು ಹಾಕಿದರೂ ಇಬ್ಬರದ್ದು ಅರ್ಧದಷ್ಟು ಹೊಂದಿಬಿಡುತ್ತದೆ, ಆ ಅದೃಷ್ಟದ ಪಾಲನ್ನು ಕಳೆದು ಉಳಿದದ್ದಷ್ಟೇ ನಿಜವಾದ ಹೊಂದಾಣಿಕೆ. ಒಂದು ಬಂದರೆ ಪೂರ್ತಿ ಒಪ್ಪಿಗೆ, ಸೊನ್ನೆ ಬಂದರೆ ನಾಣ್ಯ ಚಿಮ್ಮಿದ ಹಾಗೆ. ಹದಿನಾಲ್ಕು ಜೋಡಿಗಳಲ್ಲಿ ನಮ್ಮದು ಕೊನೆ. ೦.೩೮. ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಹಿಂದಿನ ಬೆಂಚಿನಿಂದ ಯಾರೋ, "ಪಾಪ, ಘಟ್ಟದ ಮಂಜಲ್ಲಿ ಪ್ರಶ್ನೆ ಕಾಣ್ಸಿಲ್ವೇನೋ" ಎಂದರು. ನಿರಂಜನ ನನ್ನ ಫಾರಂಗಳನ್ನು ಮಗುಚಿ ಹಾಕುತ್ತ, "ಮ್ಯಾನುಯಲ್ ಓದಿದ್ರಾ ಶಂಭು ಅವ್ರೇ?" ಎಂದರು. ಓದಿದೆ ಎಂದೆ. "ಇಂಗ್ಲಿಷಲ್ಲಿದೆ, ಅರ್ಥ ಆಯ್ತಾ?" ಎಂದರು. ಅವರು ತಮಾಷೆಗೆ ಕೇಳಲಿಲ್ಲ. ನಕ್ಕವರು ತಮಾಷೆಗೇ ನಕ್ಕರು.

ನಾನು ಮಾಡಿದ್ದು ಇಷ್ಟು. ಕೆಲವು ಪ್ರಶ್ನೆಗಳ ಕೆಳಗೆ 'ಅಧಿಕಾರಿಯ ವಿವೇಚನೆ' ಎಂದು ಒಂದು ಜಾಗ ಬಿಟ್ಟಿದ್ದರು. ಉತ್ತರ ಹೌದಾಗಿದ್ದರೂ ಅದು ಆ ಊರಿನ ಪದ್ಧತಿಯಾಗಿದ್ದರೆ ಕಾರಣ ಬರೆದು ಸೊನ್ನೆ ಹಾಕಬಹುದು. ಏಳನೇ ಪ್ರಶ್ನೆ, ಕೇಸಿಗೆ ಮೊದಲಿನ ಒಂದು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ಮನೆ ಬದಲಾಯಿಸಿದ್ದಾರೆಯೇ? ನಮ್ಮ ಕಡೆಯ ತೋಟದ ಆಳುಗಳಲ್ಲಿ ಬದಲಾಯಿಸದವರು ಯಾರು ಮಾರಾಯ್ತಿ? ಮೇಲಿನ ತೋಟದಲ್ಲಿ ಅರೇಬಿಕಾ ಕೊಯ್ದು ಮುಗಿದರೆ ಕೆಳಗಿನ ತೋಟದಲ್ಲಿ ರೋಬಸ್ಟಾ, ಅದು ಮುಗಿದರೆ ಇನ್ನೆಲ್ಲೋ ಮೆಣಸು, ಮಳೆಗೆ ಮೊದಲು ಮತ್ತೆಲ್ಲೋ ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ. ಮೇಸ್ತ್ರಿ ಎಲ್ಲಿಗೆ ಕರೆದರೆ ಅಲ್ಲಿನ ಲೈನಿನ ಸಾಲುಮನೆಗಳಿಗೆ ಇಡೀ ಗುಂಪು ಪಾತ್ರೆ, ಕೋಳಿ, ಮಕ್ಕಳು ಸಮೇತ ಹೋಗುತ್ತದೆ. ಮನೆ ಬದಲಾಗುತ್ತದೆ, ಪಕ್ಕದ ಮನೆಯವರು ಬದಲಾಗುವುದಿಲ್ಲ. ಚಳಿ ದೇಶದಲ್ಲಿ ಹೀಗೆ ಮನೆ ಬಿಡುವವನು ಬಾಡಿಗೆ ತಪ್ಪಿಸಿ ಓಡುವವನಿರಬೇಕು. ನಾನು ಕಾರಣ ಬರೆದು ಸೊನ್ನೆ ಹಾಕಿದೆ. ರೂಪಶ್ರೀಗೆ ಇದೊಂದೂ ಗೊತ್ತಿಲ್ಲ, ಮನೆ ಎಣಿಸಿ ಒಂದು ಹಾಕಿದಳು. ಫಾರಂ ಪ್ರಕಾರ ಇಬ್ಬರೂ ಸರಿ. ಲೆಕ್ಕದ ಪ್ರಕಾರ ೦.೩೮.

ಮಾರನೇ ವರ್ಷ ಎರಡನೇ ಸುತ್ತು. ಈ ಸಲ ಕಥೆಗಳಲ್ಲ, ನಿಜವಾದ ನಲವತ್ತು ಜನ. ನಮ್ಮಿಬ್ಬರ ಹೊಂದಾಣಿಕೆ ೦.೮೭. ಹದಿನಾಲ್ಕು ಜೋಡಿಗಳಲ್ಲಿ ಮೊದಲು. ಪ್ರಮಾಣಪತ್ರ ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು, ನೀನು ಹೋಳಿಗೆ ಮಾಡಿದೆ. "ಅದು ಹೇಗ್ರೀ ಒಂದೇ ವರ್ಷಕ್ಕೆ ಕೊನೇ ಬೆಂಚಿಂದ ಮೊದಲ ಬೆಂಚಿಗೆ?" ಎಂದು ಕೇಳಿದೆ. ಅಭ್ಯಾಸ ಎಂದೆ.

ಆ ನಲವತ್ತರಲ್ಲಿ ಭಾಗಮ್ಮನೂ ಒಬ್ಬಳು. ನೀನೇ ಹೇಳಿದ್ದೆ, "ನಮ್ಮ ಯಲ್ಲಿಯ ಅಮ್ಮನ ಹೆಸರೂ ನಿಮ್ಮ ಪಟ್ಟೀಲಿದ್ಯಂತೆ. ನಿಮ್ಮ ಕಾನೂನು ಏನಿದ್ಯೋ ನಂಗೊತ್ತಿಲ್ಲ, ಸ್ವಲ್ಪ ಮನಸ್ಸಿಟ್ಟು ನೋಡಿ" ಎಂದು. ಮನಸ್ಸಿಟ್ಟೇ ಹೋದೆ. ಮೈಸೂರಿನ ಜೈಲಿನಲ್ಲಿ ಹೆಂಗಸರ ವಿಭಾಗದ ಮುಂದೆ ಒಂದು ಹೊಂಗೆ ಮರ, ಅದರ ಕೆಳಗೆ ಎರಡು ಕುರ್ಚಿ. ರೂಪಶ್ರೀ ಹಿಂದಿನ ದಿನವೇ ಬಂದು ಹೋಗಿದ್ದಳು. ಭಾಗಮ್ಮ ತೆಳ್ಳಗಿನ ಹೆಂಗಸು, ಮಾತಾಡುವಾಗ ಸೆರಗಿನ ತುದಿಯನ್ನು ಮಡಿಸುತ್ತ ಹೋಗುತ್ತಾಳೆ, ಮಡಿಸಿ ಮುಗಿದ ಮೇಲೆ ಬಿಚ್ಚುತ್ತಾಳೆ. ಗಂಡ ಕುಡಿದು ಬಂದು ಐದು ವರ್ಷದ ಮಗಳ ಕೈ ಹಿಡಿದು ಒಲೆಯ ಕಡೆ ಎಳೆದನಂತೆ. ಇವಳು ಕೈಗೆ ಸಿಕ್ಕ ಸೌದೆಯಿಂದ ಹೊಡೆದಳು. ಒಂದೇ ಪೆಟ್ಟು. ಹತ್ತು ವರ್ಷ.

"ಹೊಡೀಬಾರ್ದಿತ್ತು ಅಂತ ಅನ್ಸುತ್ತಾ?" ಎಂದು ಫಾರಮ್ಮಿನಲ್ಲಿದ್ದ ಹಾಗೆ ಕೇಳಿದೆ.

"ಸಾಯ್ಬಾರ್ದಿತ್ತು" ಎಂದಳು.

ಕಳೆದ ವರ್ಷದಲ್ಲಿ ಮನೆಯವರು ಎಷ್ಟು ಸಲ ನೋಡಲು ಬಂದಿದ್ದಾರೆ ಎಂದು ಕೇಳಿದೆ. ಒಂದು ಸಲವೂ ಇಲ್ಲ. "ಬಾಳೂರಿಂದ ಇಲ್ಲಿಗೆ ಬಂದು ಹೋಗಕ್ಕೆ ಎರಡು ದಿನ ಬೇಕು ಅಯ್ಯಾ. ಎರಡು ದಿನ ಕೆಲ್ಸಕ್ಕೆ ಹೋಗ್ದಿದ್ರೆ ಮುದುಕೀನ ಮೇಸ್ತ್ರಿ ಇಟ್ಕೊಳ್ತಾನಾ? ನಾನೇ ಬರ್ಬೇಡ ಅಂದಿದ್ದು. ಮಗು ನೋಡ್ಕೊಂಡ್ರೆ ಸಾಕು." ಫಾರಂ ಕೇಳುವುದು ಬಂದರೋ ಇಲ್ಲವೋ ಎಂದು, ಬರಬೇಡ ಎಂದದ್ದು ಯಾರು ಎಂದು ಕೇಳುವುದಿಲ್ಲ. ಕೊನೆಯಲ್ಲಿ 'ಅಗತ್ಯಗಳು' ಎಂಬ ಪುಟ. ನಿನಗೇನು ಬೇಕು ಎಂದರೆ ಸೆರಗಿನ ಮಡಿಕೆಯನ್ನು ಪೂರ್ತಿ ಬಿಚ್ಚಿ, "ಅವಳು ಎಷ್ಟುದ್ದ ಆಗಿದಾಳೆ ಅಂತ ಯಾರಾದ್ರೂ ಕೈಯಲ್ಲಿ ತೋರಿಸ್ತಾರಾ?" ಎಂದಳು. ನಾನು ನೆಲದಿಂದ ಅಂದಾಜು ಮಾಡಿ ತೋರಿಸಿದೆ. ಅದನ್ನು ಬರೆಯಲು ಆ ಪುಟದಲ್ಲಿ ಜಾಗ ಇರಲಿಲ್ಲ.

ಒಟ್ಟು ಹದಿನೈದು. ರೂಪಶ್ರೀಯದೂ ಹದಿನೈದು.

೨೦೦೩ರ ನವೆಂಬರಿನಲ್ಲಿ ಬಿಡುಗಡೆ ಸಮಿತಿ ಕೂತಿತು. ಹತ್ತರಲ್ಲಿ ಐದು ಕಳೆದಿದ್ದರಿಂದ ನಡತೆ ನೋಡಿ ಮುಂಚೆಯೇ ಬಿಡಬಹುದೇ ಎಂಬ ವಿಚಾರ. ಜೈಲಿನವರು ಒಳ್ಳೆಯ ಮಾತು ಬರೆದಿದ್ದರು, ಪೊಲೀಸರು ಅಡ್ಡಿಯಿಲ್ಲ ಎಂದಿದ್ದರು. ಅಧ್ಯಕ್ಷರು ಕಡತ ಮುಚ್ಚುವವರಿದ್ದರು, ಅಷ್ಟರಲ್ಲಿ, "ಅದೇನೋ ಹೊಸಾ ಅಂಕ ಬಂದಿದ್ಯಂತಲ್ಲ?" ಎಂದರು. ರೂಪಶ್ರೀ ಎದ್ದು ನಿಂತಳು. "ಸಾರ್, ಅದು ಇನ್ನೂ ಅಧ್ಯಯನಕ್ಕೆ ಮಾತ್ರ. ಎರಡನೇ ಪರೀಕ್ಷೆ ಆಗಿಲ್ಲ. ತೀರ್ಮಾನಕ್ಕೆ ಬಳಸ್ಬಾರ್ದು ಅಂತ ಬರ್ದಿದೆ."

"ಬಳಸಲ್ಲಮ್ಮ, ಸುಮ್ನೆ ಹೇಳಿ."

ಅವಳು ನನ್ನ ಮುಖ ನೋಡಿದಳು. ನಾನು ಹೇಳಿದೆ.

"ಇಬ್ರೂ ಬೇರೆ ಬೇರೆ ಹೋಗಿ ಹಾಕಿದ್ದಾ?"

ಹೌದು ಸಾರ್.

"ಒಬ್ರದ್ದು ಇನ್ನೊಬ್ರು ನೋಡ್ದೆ?"

ಹೌದು ಸಾರ್.

"ಇಬ್ರದ್ದೂ ಹದಿನೈದಾ? ಹದಿನೈದಕ್ಕೆ ಹದಿನೈದು! ಇನ್ನೇನ್ರೀ ಬೇಕು?" ಎಂದು ಅವರು ಕಡತದ ಮೇಲೆ ಬರೆದರು. ಅವರು ಕ್ರೂರಿಯೇನಲ್ಲ. ಒಬ್ಬನ ಮಾತನ್ನು ನಂಬದವರು, ಇಬ್ಬರು ಒಂದೇ ಹೇಳಿದರೆ ನಂಬುತ್ತಾರೆ. ನ್ಯಾಯಾಲಯದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರಿಗೆ ಅದು ಅಭ್ಯಾಸ.

ಪಾಪಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಯಲ್ಲಿ ಚೆನ್ನಾಗಿ ಓದುತ್ತಾಳೆ ಎಂದು ನೀನು ಬರೆದುಕೊಟ್ಟ ಚೀಟಿ ಅವಳ ಕೈಯಲ್ಲಿತ್ತು. ಯಾರೂ ಅದನ್ನು ಕೇಳಿರಲಿಲ್ಲ.

"ಏನಾಯ್ತು ಅಯ್ಯಾ?"

"ಈ ಸಲ ಆಗ್ಲಿಲ್ಲ ಪಾಪಮ್ಮ. ಇನ್ನೆರಡು ವರ್ಷಕ್ಕೆ ಮತ್ತೆ ನೋಡ್ತಾರೆ."

"ಇಪ್ಪತ್ನಾಕು ಪ್ರಶ್ನೆ ಕೇಳಿದ್ರಂತಲ್ಲ. ಅಷ್ಟೊತ್ತಿಗೆ ಈ ಮುದುಕಿ ಇರ್ತಾಳಾ ಅಂತ ಒಂದು ಕೇಳ್ಲಿಲ್ವಾ?" ಎಂದು ನಕ್ಕಳು. ಹಲ್ಲಿಲ್ಲದ ನಗು. ನಾನೂ ನಕ್ಕೆ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿ ಕಳಸದ ಬಸ್ಸು ಹತ್ತಿಸಿದೆ. ಕಿಟಕಿಯ ಸೀಟು ಕೊಡಿಸಿದೆ. ಆ ದಿನ ಇಷ್ಟು ಒಳ್ಳೆಯ ಕೆಲಸ ಮಾಡಿದ್ದೇನೆ.

ಈಗ ಹೊಸ ಸುದ್ದಿ. ಆಗಸ್ಟ್ ಎರಡನೇ ವಾರ ನಿರಂಜನ ಮತ್ತೆ ಬಂದರು. ಕೂದಲು ಕಡಿಮೆಯಾಗಿದೆ, ಧ್ವನಿಯೂ ಇಳಿದಿದೆ. ಎರಡು ವರ್ಷದ ಲೆಕ್ಕ ಮುಗಿಯಿತು. "ಶಂಭು ಅವ್ರೇ, ಬಯಲುಸೀಮೇಲಿ ಪಾಸು. ನಿಮ್ಮ ಘಟ್ಟದ ತಾಲ್ಲೂಕಲ್ಲಿ ಫಾರಂ ಫೇಲು" ಎಂದರು. ಬಿಡುಗಡೆಯಾದವರು, ಜಾಮೀನು ಬರೆದುಕೊಟ್ಟು ಹೊರಗಿದ್ದವರು, ಬೇರೆ ಜೋಡಿಗಳು ಕಂಡವರು ಎಲ್ಲ ಸೇರಿ ನಮ್ಮ ಕಡೆ ತೊಂಬತ್ತಾರು ಜನ. ಅವರಲ್ಲಿ ಹೆಚ್ಚು ಅಪಾಯ ಎಂದು ಫಾರಂ ಹೇಳಿದ್ದು ಮೂವತ್ತೊಂದು. ಆ ಮೂವತ್ತೊಂದರಲ್ಲಿ ಇಪ್ಪತ್ತೇಳು ಜನರ ಮೇಲೆ ಎರಡು ವರ್ಷದಲ್ಲಿ ಒಂದು ಕೋಳಿ ಕದ್ದ ದೂರೂ ಇಲ್ಲ. ಮತ್ತೆ ತಪ್ಪು ಮಾಡಿದವನೊಬ್ಬನನ್ನು, ಮಾಡದವನೊಬ್ಬನನ್ನು ಅಕ್ಕಪಕ್ಕ ನಿಲ್ಲಿಸಿ ಇವರಲ್ಲಿ ಯಾರು ಯಾರು ಎಂದು ಕೇಳಿದರೆ ಫಾರಂ ನೂರಕ್ಕೆ ಐವತ್ತಾರು ಸಲ ಸರಿಯಾಗಿ ಹೇಳುತ್ತದಂತೆ. ಐವತ್ತು ಸಲ ಹೇಳಲು ನಾಣ್ಯವೇ ಸಾಕು. ಮಿಕ್ಕ ಆರಕ್ಕಾಗಿ ಮೂರು ವರ್ಷ.

ಕೆಟ್ಟು ಕೂತದ್ದು ನಾಲ್ಕು ಪ್ರಶ್ನೆ. ಮನೆ ಬದಲಾಯಿಸಿದ್ದು. ಒಬ್ಬನೇ ಯಜಮಾನನ ಹತ್ತಿರ ಇಡೀ ವರ್ಷ ಕೆಲಸ ಮಾಡದ್ದು. ನೆರೆಯವರ ಮೇಲೆ ಪೊಲೀಸ್ ಕೇಸು ಇರುವುದು, ಅಂದರೆ ಒಬ್ಬ ಕಳ್ಳಭಟ್ಟಿ ಕಾಯಿಸಿದ್ದಕ್ಕೆ ಇಡೀ ಲೈನಿನ ಹೆಸರು ಬರೆದುಕೊಂಡು ಹೋದರಲ್ಲ, ಅದು. ಮತ್ತೆ ನೋಡಲು ಯಾರೂ ಬಾರದ್ದು. ಈ ನಾಲ್ಕಕ್ಕೂ ಮುಂದೆ ತಪ್ಪು ಮಾಡುವುದಕ್ಕೂ ನಮ್ಮ ಕಡೆ ಏನೇನೂ ಸಂಬಂಧವಿಲ್ಲ ಎಂದು ಲೆಕ್ಕ ಹೇಳುತ್ತದೆ. ಭಾಗಮ್ಮನಿಗೆ ನಾಲ್ಕರಲ್ಲೂ ಒಂದೊಂದು ಬಿದ್ದಿದೆ. ಹದಿನೈದರಲ್ಲಿ ನಾಲ್ಕು ಕಳೆದರೆ ಎಷ್ಟು ಎಂದು ಯಲ್ಲಿಯೇ ಹೇಳುತ್ತಾಳೆ.

"ಒಂದೇ ವಿಷ್ಯ ನನಗೆ ಅರ್ಥ ಆಗ್ತಿಲ್ಲ" ಎಂದರು ನಿರಂಜನ, ಚಹಾ ಕುಡಿಯುತ್ತ. "ಇಡೀ ರಾಜ್ಯದಲ್ಲಿ ಹೊಂದಾಣಿಕೆ ಅತಿ ಹೆಚ್ಚು ಬಂದಿದ್ದು ನಿಮ್ಮಿಬ್ಬರದ್ದು. ಇಬ್ರು ಅಷ್ಟು ಚೆನ್ನಾಗಿ ಒಪ್ಪಿಕೊಂಡು ಅಷ್ಟು ತಪ್ಪು ಹೇಗ್ರೀ ಸಾಧ್ಯ?"

ಅವರು ಹೋದ ಮೇಲೆ ರೂಪಶ್ರೀ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮೂರು ವರ್ಷದಲ್ಲಿ ಅವಳು ಬಾಳೂರು, ಕಳಸ, ಸಂಸೆ ಎಲ್ಲ ಸುತ್ತಿದ್ದಾಳೆ, ಲೈನಿನ ಹೆಂಗಸರ ಜೊತೆ ಕೂತು ಎಲೆ ಅಡಿಕೆ ಹಾಕುತ್ತಾಳೆ. "ಸಾರ್, ನನಗೆ ಆಗ ಲೈನು ಅಂದ್ರೆ ಏನು ಅಂತ್ಲೇ ಗೊತ್ತಿರ್ಲಿಲ್ಲ. ಮನೆ ಎಣಿಸ್ದೆ, ಒಂದು ಹಾಕ್ದೆ. ನೀವು ಕಳಸದವರು. ನೀವು ಹೇಗೆ ಹಾಕಿದ್ರಿ?" ಎಂದಳು. ಜಗಳಕ್ಕೆ ಕೇಳಲಿಲ್ಲ, ತಿಳಿಯುವುದಕ್ಕೆ ಕೇಳಿದಳು. ನಾನು ಇನ್ನೊಂದು ಚಹಾ ತರಿಸಿದೆ.

ಈಗಿನ ಸ್ಥಿತಿ ಹೀಗಿದೆ. ಸಮಿತಿ ಅಕ್ಟೋಬರ್ ೧೭ಕ್ಕೆ ಕೂರುತ್ತದೆ, ದೀಪಾವಳಿಗೆ ಎರಡು ವಾರ ಮೊದಲು. ಭಾಗಮ್ಮನ ಹೆಸರು ಪಟ್ಟಿಯಲ್ಲಿದೆ. ನಾಲ್ಕು ಪ್ರಶ್ನೆ ತೆಗೆಯಬೇಕೆಂಬ ವರದಿ ಸರ್ಕಾರಕ್ಕೆ ಹೋಗಿದೆ. ಆದೇಶವಾಗಿ ಬರುವಷ್ಟರಲ್ಲಿ ಯಲ್ಲಿಯ ಮದುವೆಯಾಗಿರುತ್ತದೆ. ಅಲ್ಲಿಯವರೆಗೆ ಕಡತದಲ್ಲಿ ಇರುವುದು ಹಳೆಯ ಅಂಕವೇ. ನಮ್ಮ ಮೇಲಧಿಕಾರಿಯನ್ನು ಕೇಳಿದೆ. "ನಿಯಮ ಸರಿಯಿಲ್ಲ ಅಂತ ನಾವು ಹೇಳೋ ಹಾಗಿಲ್ಲ ಶಂಭು. ಹಾಕಿದ ಅಧಿಕಾರಿಯೇ ನಾನು ಹಾಕಿದ್ದು ತಪ್ಪು ಅಂತ ಬರ್ದು ಕೊಟ್ರೆ ಆ ಫಾರಂ ರದ್ದಾಗುತ್ತೆ, ಹೊಸದಾಗಿ ಕಂಡು ಹಾಕ್ಬೇಕಾಗುತ್ತೆ. ಆದ್ರೆ ರೂಪಶ್ರೀ ಹಾಕಿದ್ದು ನಿಯಮದ ಪ್ರಕಾರವೇ ಇದೆ. ಯಾವ ತಪ್ಪು ಅಂತ ಬರೀತಾಳೆ ಅವಳು?" ಎಂದರು. ನನ್ನ ವಿಷಯ ಅವರು ಕೇಳಲಿಲ್ಲ. ನನ್ನದು ರೂಪಶ್ರೀಯದರ ಹಾಗೆಯೇ ಇದೆಯಲ್ಲ, ಕೇಳುವುದೇನು.

ಆದ್ದರಿಂದ ಯಲ್ಲಿಗೆ ಸದ್ಯಕ್ಕೆ ಏನೂ ಹೇಳಬೇಡ. ಮಂಜಯ್ಯನಿಗೆ ಮಾತ್ರ ನನ್ನ ಹೆಸರು ಹೇಳಿ, ದೀಪಾವಳಿಯವರೆಗೆ ತಡೆ ಎನ್ನು. ನಿಮ್ಮ ಹೆಡ್‌ಮಾಸ್ಟರ ಮಂಡಿ ನೋವಿಗೆ ನೀನು ಕೇಳಿದ ಎಣ್ಣೆ ತೆಗೆದಿಟ್ಟಿದ್ದೇನೆ, ಅವರ ಮಂಡಿಗೆ ಶಾಂತಿ ಸಿಗಲಿ, ಕಿವಿಗೂ ಸಿಗಲಿ. ರಾತ್ರಿ ಒಲೆಯ ಮುಂದೆ ಕೂತು ಓದಬೇಡ, ಕಣ್ಣು ಹಾಳಾಗುತ್ತದೆ. ಗಂಡನಾದವನು ಹೆಂಡತಿಗೆ ಆಶೀರ್ವಾದ ಬರೆಯಬೇಕೆಂದು ನಮ್ಮ ಅಪ್ಪನ ಕಾಗದಗಳಲ್ಲಿ ಓದಿದ್ದೇನೆ. ನನ್ನ ಆಶೀರ್ವಾದಕ್ಕೆ ಬೆಲೆ ಎಷ್ಟೋ ಗೊತ್ತಿಲ್ಲ. ಇರುವಷ್ಟನ್ನೂ ನಿನಗೆ, ಆ ಹುಡುಗಿಗೆ ಸಮನಾಗಿ ಹಂಚಿದ್ದೇನೆ. ಇಬ್ಬರೂ ನೂರು ಕಾಲ ನೆಮ್ಮದಿಯಾಗಿರಿ.

ನಿನ್ನ,
ಶಂಭು

ತಾ.ಕ.: ಸಹಿ ಹಾಕಿ ಕವರು ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ.

ಅಭ್ಯಾಸದಿಂದ ಸುಧಾರಿಸಿದೆ ಎಂದು ನಿನಗೆ ಹೇಳಿದ್ದು ಸುಳ್ಳು. ಎರಡನೇ ಸುತ್ತಿನಲ್ಲಿ ನಾನು ಒಬ್ಬರಿಗೂ ನನ್ನ ಅಂಕ ಹಾಕಲಿಲ್ಲ. ಪ್ರತಿ ಪ್ರಶ್ನೆಗೂ ರೂಪಶ್ರೀ ಏನು ಹಾಕಿರುತ್ತಾಳೆ ಎಂದು ಯೋಚಿಸಿ ಅದನ್ನೇ ಹಾಕಿದೆ. ಕಷ್ಟವೇನಿರಲಿಲ್ಲ, ವಿವೇಚನೆಯ ಜಾಗವನ್ನು ಖಾಲಿ ಬಿಟ್ಟರಾಯಿತು. ನಲವತ್ತೂ ಜನಕ್ಕೆ ಖಾಲಿ ಬಿಟ್ಟೆ. ಇನ್ನೊಂದು ಸಲ ಆ ಬೋರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಕಾಣಿಸಿಕೊಳ್ಳಲಾರೆ ಎನ್ನಿಸಿತ್ತು. ಕಾರಣ ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ನನ್ನ ಅಂಕ ಹಾಕಿದ್ದರೆ ಭಾಗಮ್ಮನಿಗೆ ಹನ್ನೊಂದು ಬರುತ್ತಿತ್ತು. ಒಬ್ಬಳದ್ದು ಹದಿನೈದು, ಒಬ್ಬನದ್ದು ಹನ್ನೊಂದು. ಯಾಕೆ ಹೀಗೆ ಎಂದು ಅಧ್ಯಕ್ಷರು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಪಾಪಮ್ಮ ಆ ದಿನ ಮಗಳು ಬರುತ್ತಾಳೆಂದು ತಿಳಿದು ಬಸ್ಸು ಹತ್ತುತ್ತಿದ್ದಳು. ಉಳಿದ ಮೂವತ್ತೊಂಬತ್ತು ಜನರಲ್ಲಿ ಇನ್ನೆಷ್ಟು ಹೀಗೆ ಎಂದು ನಾನು ಇನ್ನೂ ತೆಗೆದು ನೋಡಿಲ್ಲ.

ಈ ಕಾಗದದ ಜೊತೆ ಒಂದು ಸಣ್ಣ ಕವರು ಇಟ್ಟಿದ್ದೇನೆ. ಇಲಾಖೆಯ ವಿಳಾಸ ಬರೆದಿದೆ, ಸ್ಟಾಂಪು ಹಚ್ಚಿದೆ. ನಲವತ್ತು ಫಾರಮ್ಮಿನ ಅಂಕಗಳೂ ನನ್ನವಲ್ಲ ಎಂದು ಅದರಲ್ಲಿ ಬರೆದುಕೊಟ್ಟಿದ್ದೇನೆ. ಅದು ತಲುಪಿದರೆ ಭಾಗಮ್ಮನ ಫಾರಂ ರದ್ದಾಗುತ್ತದೆ, ನನ್ನ ಮೇಲೆ ವಿಚಾರಣೆಯಾಗುತ್ತದೆ, ಕೆಲಸ ಉಳಿಯುವುದು ಅನುಮಾನ. ತಲುಪದಿದ್ದರೆ ಹದಿನೇಳನೇ ತಾರೀಖು ಅದೇ ಹದಿನೈದು ಮತ್ತೆ ಮೇಜಿನ ಮೇಲಿರುತ್ತದೆ. ಮೂರು ವಾರದಿಂದ ಅದನ್ನು ಜೇಬಿನಲ್ಲಿಟ್ಟುಕೊಂಡು ದಿನಾ ಎರಡು ಸಲ ಅಂಚೆ ಡಬ್ಬಿಯನ್ನು ದಾಟಿದ್ದೇನೆ. ನನ್ನ ಕೈಯಲ್ಲಿ ಆಗಲಿಲ್ಲ. ನೀನು ಹಾಕು. ಬಾಳೂರಿನ ಅಂಚೆ ಬೆಳಿಗ್ಗೆ ಹತ್ತೂವರೆಗೆ ಹೊರಡುತ್ತದೆ.

ಮೈಸೂರಿನಲ್ಲಿ ಆ ದಿನ ಏಳನೇ ಪ್ರಶ್ನೆ ಕೇಳಿದಾಗ ಭಾಗಮ್ಮ ಮೊದಲ ಸಲ ನಕ್ಕಿದ್ದಳು. "ನಿನ್ನೆ ಬಂದ ಮೇಡಮ್ಮಿಗೆ ಎಷ್ಟ್ ಹೇಳಿದ್ರೂ ತಿಳೀಲಿಲ್ಲ ಅಯ್ಯಾ. ನೀವು ನಮ್ ಕಡೇರು. ನಿಮಗ್ ಗೊತ್ತುಂಟಲ್ಲ?" ಎಂದಳು.

ಗೊತ್ತುಂಟು ಎಂದೆ. ಒಂದು ಎಂದು ಬರೆದೆ.